ಉಸಿರಿಗೊಂದು ಕಾಜಾ

ಗೋಡೆಯಿಂದ ಉಸಿರಾಟದ ಯಂತ್ರದ ಪ್ಲಗ್ ಕಿತ್ತು, ತಂತಿಯನ್ನು ಅಂಗೈಯಿಂದ ಮೊಣಕೈಗೆ ಸುತ್ತಿಕೊಳ್ಳುತ್ತಾ ನಾದಿನಿ ಕೇಳಿದಳು: "ನಿನ್ನ ಪ್ರಯೋಗಕ್ಕೆ ಇಷ್ಟು ದೊಡ್ಡ ಊರಲ್ಲಿ ನಮ್ಮಮ್ಮನೇ ಸಿಕ್ಕಿದ್ಳಾ?"

ಸೊಸೆಯ ಕಣ್ಣು ಮಂಚದ ಕಡೆಗಿತ್ತು. ಬೆಳಗಿನ ಏಳೂವರೆಯ ಬಿಸಿಲು ಕಿಟಕಿಯಿಂದ ಇಳಿದು ಅತ್ತೆಯ ಪಾದದವರೆಗೆ ಬಂದಿತ್ತು. ಅತ್ತೆ ಹಾಸಿಗೆಯ ಅಂಚಿನಲ್ಲಿ ಕೂತು ಎರಡೂ ಕೈಯಿಂದ ತಲೆ ಹಿಡಿದುಕೊಂಡಿದ್ದರು. ಮುಖ ಕೆಂಪಗೆ ಊದಿಕೊಂಡಿತ್ತು, ರೆಪ್ಪೆಗಳು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಸ್ವಲ್ಪ ಹೊತ್ತಿನ ಹಿಂದೆ ಚಹಾ ತಂದ ಸೊಸೆಯನ್ನು, ಎಂದೋ ತೀರಿಹೋದ ತಂಗಿ ಎಂದುಕೊಂಡು, "ಯಾವಾಗ ಬಂದೆ? ಊಟ ಆಯ್ತಾ?" ಎಂದು ಕೇಳಿದ್ದರು. ಅದೇ ಹೊತ್ತಿಗೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ನಾದಿನಿಯ ಕಿವಿಗೂ ಆ ಮಾತು ಬಿದ್ದಿತ್ತು.

"ಅಕ್ಕ, ಮೊದಲು ಆಸ್ಪತ್ರೆಗೆ ಹೋಗೋಣ," ಎಂದಳು ಸೊಸೆ. "ಯಂತ್ರದ ಮಾತು ಆಮೇಲೆ."

"ಆಸ್ಪತ್ರೆಗೆ ನಾನು ಕರ್ಕೊಂಡು ಹೋಗ್ತೀನಿ. ಅಲ್ಲಿಂದ ಈ ಮನೆಗೆ ವಾಪಸ್ ಬರೋದಿಲ್ಲ ಅವಳು. ನದಿ ಕಡೆ ಆರೈಕೆ ಕೇಂದ್ರ ಇದೆಯಲ್ಲ, ಅಲ್ಲಿ ದಿನದ ಇಪ್ಪತ್ನಾಲ್ಕು ಗಂಟೆನೂ ನರ್ಸ್ ಇರ್ತಾರೆ. ಸಂಜೆಗೆ ಅರ್ಜಿ ತುಂಬಿ ಸಹಿ ಹಾಕ್ತೀನಿ. ನೀನು ನಿನ್ನ ಲ್ಯಾಬಿನ ರಬ್ಬರ್ ತಲೆಗಳ ಮೇಲೆ ಪ್ರಯೋಗ ಮಾಡ್ಕೊಂಡಿರು."

ಮಗ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಅವನು ಬಸ್ ಚಾಲಕ. ಇಡೀ ಊರನ್ನು ಸಮಯಕ್ಕೆ ಸರಿಯಾಗಿ ಮುಟ್ಟಿಸುವವನಿಗೆ, ಅಕ್ಕ ಮತ್ತು ಹೆಂಡತಿಯ ನಡುವಿನ ಆ ಹತ್ತು ಅಡಿ ದಾರಿಯಲ್ಲಿ ಮಾತ್ರ ಗಾಡಿ ಮುಂದೆ ಹೋಗುತ್ತಿರಲಿಲ್ಲ. ಅಕ್ಕ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಆಕೆ ದನಿ ಎತ್ತಿದರೆ ತಮ್ಮ ಈಗಲೂ ಬೆಂಚಿನ ಮೇಲೆ ನಿಂತ ಹಾಗೆ ನಿಲ್ಲುತ್ತಿದ್ದ.

"ಅಮ್ಮನ ಬ್ಯಾಗ್ ತರ್ತೀನಿ," ಎಂದಷ್ಟೇ ಹೇಳಿ ಒಳಗೆ ಹೋದ.

ಅತ್ತೆಯ ಕೈ ಹಿಡಿದು ಮೆಟ್ಟಿಲಿಳಿಸುವಾಗ ಸೊಸೆಗೆ ನೆನಪಾಯಿತು. ಮೂರೇ ವಾರದ ಹಿಂದೆ ಇದೇ ಮೆಟ್ಟಿಲನ್ನು ಅತ್ತೆ ತರಕಾರಿ ಚೀಲ ಹಿಡಿದು, ನಡುವೆ ಎಲ್ಲೂ ನಿಲ್ಲದೆ ಹತ್ತಿದ್ದರಲ್ಲ... ಹತ್ತಿ ಬಂದು, "ನೋಡೇ, ಮಾತಾಡ್ತಾನೇ ಹತ್ತಿದೆ," ಎಂದು ಮಗುವಿನಂತೆ ನಕ್ಕಿದ್ದರಲ್ಲ... ಹಾಗಿದ್ದವರು ಒಂದೇ ವಾರದಲ್ಲಿ ಹೀಗಾಗಲು ಏನು ಕಾರಣ?

ಅತ್ತೆಯನ್ನು ಬೀದಿಯವರೆಲ್ಲ ಕರೆಯುತ್ತಿದ್ದದ್ದು ರಫೂ ಅಮ್ಮ ಎಂದು. ಮೂಲೆಯ ಪುಟ್ಟ ಅಂಗಡಿಯಲ್ಲಿ ನಲವತ್ತು ವರ್ಷ ಕೂತು, ಇಲಿ ಕಡಿದ ಶಾಲು, ಸಿಗರೇಟಿನ ಕಿಡಿ ಬಿದ್ದ ಕೋಟು, ನುಸಿ ತಿಂದ ಉಣ್ಣೆ, ಎಲ್ಲವನ್ನೂ ಆಯಾ ಬಟ್ಟೆಯದೇ ಎಳೆ ತೆಗೆದು, ತೂತು ಎಲ್ಲಿತ್ತೆಂದು ಒಡೆಯನಿಗೂ ಗೊತ್ತಾಗದಂತೆ ಮುಚ್ಚಿಕೊಟ್ಟವರು. ಆ ನಲವತ್ತು ವರ್ಷದ ಬಟ್ಟೆಯ ಧೂಳು ಎದೆಯೊಳಗೆ ಉಳಿದುಬಿಟ್ಟಿತ್ತು. ಉಸಿರು ಒಳಗೆ ಹೋಗುವುದು ಕಷ್ಟ, ಹೊರಗೆ ಬರುವುದು ಇನ್ನೂ ಕಷ್ಟ. ಮೈಯಿಂದ ಹೊರಹೋಗಬೇಕಾದ ಇಂಗಾಲದ ಡೈಆಕ್ಸೈಡ್ ರಕ್ತದಲ್ಲೇ ನಿಂತು ತಲೆನೋವು, ಮಂಪರು ತರುತ್ತಿತ್ತು. ಗಂಟಲಿಗೆ ಕೊಳವೆ ಹಾಕುವ ಸ್ಥಿತಿ ಬರುವ ಮೊದಲೇ ಮಾಸ್ಕಿನ ಮೂಲಕ ಉಸಿರಿಗೆ ಆಸರೆ ಕೊಡುವ ಯಂತ್ರ ಬಳಸಿ ಎಂದು ಡಾಕ್ಟರು ಬರೆದುಕೊಟ್ಟಿದ್ದರು.

ಅಂಥ ಯಂತ್ರಗಳನ್ನು ಪರೀಕ್ಷಿಸುವುದೇ ಸೊಸೆಯ ಕೆಲಸ. ಯಂತ್ರ ಮನೆಗೆ ಬಂದ ದಿನ ಅವಳು ಅತ್ತೆಯ ಪಕ್ಕ ಕೂತು ಒಂದೊಂದನ್ನೂ ಬಿಡಿಸಿ ಹೇಳಿದ್ದಳು.

"ಇದರೊಳಗೆ ಒಂದು ಪುಟ್ಟ ಫ್ಯಾನ್ ಇದೆ ಅತ್ತೆ. ಕೋಣೆಯ ಗಾಳೀನೇ ತಗೊಂಡು ಒತ್ತಿ ಕಳಿಸುತ್ತೆ. ಉಯ್ಯಾಲೆ ತೂಗಿದ ಹಾಗೆ ಅಂದ್ಕೊಳ್ಳಿ. ನೀವು ಉಸಿರು ಎಳ್ಕೊಳ್ಳುವಾಗ ಹಿಂದಿನಿಂದ ಒಂದು ತಳ್ಳು, ಬಿಡುವಾಗ ಕೈ ಸಡಿಲ."

"ತಳ್ಳೋದೇನೋ ಸರಿ. ನನ್ನ ಉಯ್ಯಾಲೆ ಯಾವಾಗ ಹೊರಡುತ್ತೆ ಅಂತ ಅದಕ್ಕೆ ಯಾರು ಹೇಳ್ತಾರೆ?"

"ನೀವು ಎಳ್ಕೊಳ್ಳೋಕೆ ಶುರು ಮಾಡಿದ ತಕ್ಷಣ ಕೊಳವೆ ಒಳಗಿನ ಗಾಳಿ ಕೂದಲೆಳೆಯಷ್ಟು ಜೋರಾಗಿ ಹರಿಯುತ್ತೆ. ಅದನ್ನ ಹಿಡಿದುಬಿಡುತ್ತೆ."

"ಹೇಳದೇನೇ ಅರ್ಥ ಮಾಡ್ಕೊಳ್ಳುತ್ತೆ ಅನ್ನು. ನನ್ನ ಮಗನಿಗಿಂತ ವಾಸಿ."

ಮೊದಲ ಎರಡು ದಿನ ಗೊಣಗಿದರು. ಕುದುರೆಯ ಮೂತಿಗೆ ಚೀಲ ಕಟ್ಟಿದ ಹಾಗಿದೆ ಎಂದರು. ಮೂರನೆಯ ಬೆಳಗ್ಗೆ ತಲೆನೋವಿಲ್ಲದೆ ಎದ್ದು, ತಾವೇ ಅಡುಗೆಮನೆಗೆ ಹೋಗಿ ಚಹಾ ಮಾಡಿಕೊಂಡು ಬಂದು ಸೊಸೆಯನ್ನು ಎಬ್ಬಿಸಿದರು. ಆ ಚಹಾದ ಲೋಟ ಹಿಡಿದು ಸೊಸೆ ಅತ್ತಿದ್ದಳು.

ಒಂದೇ ಒಂದು ಕೊರಗಿತ್ತು. ಯಂತ್ರದ ತೆರೆಯ ಮೇಲೆ ಬೆಳಗಿನ ಹೊತ್ತು ಸೋರಿಕೆಯ ಅಂಕಿ ಕಾಣುತ್ತಿತ್ತು. ಹಲ್ಲು ಹೋಗಿ ಕೆನ್ನೆ ಒಳಗೆ ಸೇರಿದ್ದರಿಂದ ಮಾಸ್ಕಿನ ಅಂಚು ಕೂರದೆ ಗಾಳಿ ಪೋಲಾಗುತ್ತಿತ್ತು. ನಿಮಿಷಕ್ಕೆ ಇಪ್ಪತ್ತು ಲೀಟರ್, ಹದಿನೆಂಟು, ಇಪ್ಪತ್ತು... ಸೊಸೆ ದಿನಾ ಅದನ್ನು ಓದಿ, "ಸೋರಿಕೆ ಜಾಸ್ತಿ ಇದೆ ಅತ್ತೆ, ಏನಾದ್ರೂ ಮಾಡ್ಬೇಕು," ಎಂದು ನಿಟ್ಟುಸಿರು ಬಿಡುತ್ತಿದ್ದಳು. ಹೋದ ವಾರ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಸೊನ್ನೆ. "ಭೇಷ್ ಅತ್ತೆ, ಸೋರಿಕೆ ಇಲ್ಲವೇ ಇಲ್ಲ," ಎಂದು ಅವಳು ಕುಣಿದಾಡಿದ್ದಳು. ಅತ್ತೆ ಏನೂ ಹೇಳದೆ, ಹೊಗಳಿಸಿಕೊಂಡ ಮಗುವಿನಂತೆ ಸೆರಗು ಸರಿಮಾಡಿಕೊಂಡಿದ್ದರು.

ಆಸ್ಪತ್ರೆಯಲ್ಲಿ ಮಣಿಕಟ್ಟಿನಿಂದ ರಕ್ತ ತೆಗೆದು ನೋಡಿದರು. ಇಂಗಾಲದ ಡೈಆಕ್ಸೈಡ್ ಯಂತ್ರ ಬರುವ ಮೊದಲಿದ್ದಷ್ಟೇ ಏರಿತ್ತು. ತಕ್ಷಣ ಅಲ್ಲಿನ ಯಂತ್ರಕ್ಕೆ, ಅಲ್ಲಿನ ಮಾಸ್ಕಿಗೆ ಜೋಡಿಸಿದರು. ಒಂದೂವರೆ ಗಂಟೆಯಲ್ಲಿ ಅತ್ತೆಯ ಮುಖದ ಕೆಂಪು ಇಳಿಯತೊಡಗಿತು.

"ನೋಡಿದ್ಯಾ?" ಎಂದಳು ನಾದಿನಿ, ತಮ್ಮನ ಕಡೆ ತಿರುಗಿ. "ಇಲ್ಲಿಯ ಯಂತ್ರ ಬದುಕಿಸುತ್ತೆ. ನಿಮ್ಮನೆ ಯಂತ್ರ ಕೊಲ್ಲುತ್ತೆ. ಇನ್ನೇನು ಹೇಳ್ಬೇಕು?"

ಆ ತರ್ಕದಲ್ಲಿ ತಪ್ಪೇನೂ ಕಾಣಲಿಲ್ಲ ಸೊಸೆಗೆ. ಅದೇ ಅವಳನ್ನು ಚುಚ್ಚಿತು. ಎರಡು ಯಂತ್ರಗಳ ನಡುವೆ ಏನೋ ಒಂದು ವ್ಯತ್ಯಾಸವಿದೆ. "ಸಂಜೆ ಐದಕ್ಕೆ ಬರ್ತೀನಿ ಅಕ್ಕ. ಅಲ್ಲಿವರೆಗೆ ಸಹಿ ಹಾಕಬೇಡಿ... ಇದೊಂದು ಕೇಳ್ಕೋತೀನಿ," ಎಂದು ಮನೆಗೆ ಹೋಗಿ, ಯಂತ್ರ, ಕೊಳವೆ, ಮಾಸ್ಕನ್ನು ಚೀಲಕ್ಕೆ ತುಂಬಿಕೊಂಡು ಕೆಲಸದ ಜಾಗಕ್ಕೆ ಹೊರಟಳು.

ಪರೀಕ್ಷಾಲಯದ ಉದ್ದನೆಯ ಮೇಜಿನ ಮೇಲೆ ಭಾವಯ್ಯ ಎಂದಿನಂತೆ ಬಾಯಿ ಅರ್ಧ ತೆರೆದು ಕೂತಿದ್ದ. ಅದು ರಬ್ಬರಿನ ತಲೆ. ಅದರ ಗಂಟಲಿನಿಂದ ಹೊರಟ ಕೊಳವೆ ಎರಡು ತಿದಿಗಳಿಗೆ ಸೇರುತ್ತದೆ. ತಿದಿಗಳ ಮೇಲಿನ ಸ್ಪ್ರಿಂಗ್ ಬಿಗಿ ಮಾಡಿದರೆ ಪೆಡಸಾದ ಶ್ವಾಸಕೋಶ, ಸಡಿಲಿಸಿದರೆ ಜೋತುಬಿದ್ದ ಶ್ವಾಸಕೋಶ. ಹೀಗೆ ಭಾವಯ್ಯ ಬೆಳಗ್ಗೆ ಮುದುಕನಾಗಿ, ಮಧ್ಯಾಹ್ನ ಪೈಲ್ವಾನನಾಗಿ ಉಸಿರಾಡಬಲ್ಲ. ಎದುರು ಮಾತಾಡದ ನೆಂಟ ಇವನೊಬ್ಬನೇ ಎಂದು ಅಲ್ಲಿನವರು ಆ ಹೆಸರಿಟ್ಟಿದ್ದರು.

ಅವಳ ಮೇಲಿನವರು ಅಳತೆ ಮೇಷ್ಟ್ರು. ಬಿಳಿ ಮೀಸೆಯ, ನಿಧಾನದ ಮನುಷ್ಯ. ಕೆಟ್ಟ ಫಲಿತಾಂಶವನ್ನು ಒಂದು ಸಲ ಅಳೆದು ನಂಬುತ್ತಿದ್ದರು, ಒಳ್ಳೆಯದನ್ನು ಮಾತ್ರ ಎರಡು ಸಲ ಅಳೆಯದೆ ಬಿಡುತ್ತಿರಲಿಲ್ಲ. ಅವಳ ಮುಖ ನೋಡಿ ಅವರು ಏನೂ ಕೇಳದೆ ಮೇಜು ಖಾಲಿ ಮಾಡಿಸಿದರು.

ಮೊದಲು ಯಂತ್ರ. ಒತ್ತಡವನ್ನು ಎಷ್ಟು ಸೆಂಟಿಮೀಟರ್ ಎತ್ತರದ ನೀರನ್ನು ತಡೆದು ನಿಲ್ಲಿಸಬಲ್ಲದು ಎಂಬ ಅಳತೆಯಲ್ಲಿ ಹೇಳುವುದು ಆ ಕಸುಬಿನ ರೂಢಿ. ಉಸಿರು ಎಳೆದಾಗ ಹದಿನಾರು, ಬಿಟ್ಟಾಗ ಆರು. ಡಾಕ್ಟರು ಬರೆದಂತೆಯೇ ಇತ್ತು. ಭಾವಯ್ಯನನ್ನು ಅತ್ತೆಯಷ್ಟು ನಿತ್ರಾಣ ಮಾಡಿ ನೋಡಿದಳು. ಅವನು ಉಸಿರೆಳೆಯಲು ಶುರು ಮಾಡಿದ ಕ್ಷಣಕ್ಕೂ ಯಂತ್ರ ತಳ್ಳಿದ ಕ್ಷಣಕ್ಕೂ ನಡುವೆ ಸೆಕೆಂಡಿನ ಹತ್ತನೆಯ ಒಂದು ಭಾಗವೂ ಇರಲಿಲ್ಲ. ಕೊಳವೆ ಕಿತ್ತಾಗ ಗಂಟೆ ಕೂಗಿತು. ಯಂತ್ರದಲ್ಲಿ ದೋಷವಿಲ್ಲ.

"ಇನ್ನು ಮಾಸ್ಕು," ಎಂದರು ಮೇಷ್ಟ್ರು.

ಮಾಸ್ಕಿನ ಮುಖದ ಬದಿಯನ್ನು ತಟ್ಟೆಗೆ ಒತ್ತಿ ಕಟ್ಟಿ ಗಾಳಿ ಬಿಟ್ಟಳು. ಆರು ಸೆಂಟಿಮೀಟರಿನ ಒತ್ತಡದಲ್ಲಿ ನಿಮಿಷಕ್ಕೆ ಇಪ್ಪತ್ತು ಲೀಟರಿನಷ್ಟು ಗಾಳಿ ಮುಂದಿನ ಹನ್ನೆರಡು ಸಣ್ಣ ತೂತುಗಳಿಂದ ಹೊರಗೆ ಹೋಗಲೇಬೇಕು. ಮೀಟರಿನ ಮುಳ್ಳು ಸೊನ್ನೆಯನ್ನು ಬಿಟ್ಟು ಏಳಲೇ ಇಲ್ಲ.

"ಮೀಟರ್ ಕೆಟ್ಟಿರಬೇಕು," ಎಂದಳು.

"ಬೇರೆ ಮಾಸ್ಕ್ ಹಾಕಿ ನೋಡಮ್ಮ."

ಬೇರೆ ಮಾಸ್ಕಿಗೆ ಮುಳ್ಳು ಇಪ್ಪತ್ತೊಂದಕ್ಕೆ ಹೋಗಿ ನಿಂತಿತು. ಭಾವಯ್ಯನ ತಿದಿಗಳಿಗೆ, ಮನುಷ್ಯನ ಮೈ ಹುಟ್ಟಿಸುವಷ್ಟೇ ಇಂಗಾಲದ ಡೈಆಕ್ಸೈಡನ್ನು ತೊಟ್ಟಿಕ್ಕಿಸಿ, ಅತ್ತೆಯ ಮಾಸ್ಕನ್ನು ಅವನ ಮುಖಕ್ಕೆ ಕಟ್ಟಿದಳು. ಅವನು ಬಿಟ್ಟ ಉಸಿರು ಹೊರದಾರಿ ಸಿಗದೆ ಕೊಳವೆಯೊಳಗೆ ಹಿಂದೆ ಸರಿಯಿತು. ಮುಂದಿನ ಉಸಿರಿಗೆ ಅದೇ ಹಳಸಲು ಗಾಳಿ ಅವನ ಮೂಗಿಗೆ ವಾಪಸು ಬಂತು. ತೆರೆಯ ಮೇಲಿನ ಗೆರೆ ಒಂದೊಂದು ಉಸಿರಿಗೂ ಮೇಲೆ ಮೇಲೆ ಹತ್ತಿತು.

ಅವಳು ಭೂತಗನ್ನಡಿ ಹಿಡಿದು ಮಾಸ್ಕನ್ನು ಬೆಳಕಿಗೆ ಒಡ್ಡಿದಳು. ಹನ್ನೆರಡೂ ತೂತುಗಳು ತುಂಬಿದ್ದವು. ಒಂದರಲ್ಲೂ ಉಬ್ಬಿಲ್ಲ, ತಗ್ಗಿಲ್ಲ. ಸೂಜಿಯ ಹಿಂಬದಿಯಿಂದ ನಯ ಮಾಡಿದ, ತಿಳಿ ಹಳದಿಯ ಮೇಣ. ಮೂಗಿನ ಹತ್ತಿರ ತಂದಳು. ಜೇನಿನ ಸಣ್ಣ ವಾಸನೆ...

ಅತ್ತೆಯ ಹೊಲಿಗೆ ಡಬ್ಬಿಯಲ್ಲಿ ದಾರಕ್ಕೆ ಹಚ್ಚುವ ಜೇನುಮೇಣದ ಗಟ್ಟಿಯೊಂದಿತ್ತು. ನಲವತ್ತು ವರ್ಷದ ದಾರ ಓಡಿ ಓಡಿ ಮೈತುಂಬ ಗೀರು ಬಿದ್ದ ಗಟ್ಟಿ.

"ಯಾರಮ್ಮ ಮುಚ್ಚಿದ್ದು?" ಎಂದರು ಮೇಷ್ಟ್ರು, ಮಾಸ್ಕನ್ನು ತಿರುಗಿಸಿ ನೋಡುತ್ತಾ. "ಇಷ್ಟು ಅಚ್ಚುಕಟ್ಟಾದ ಕೆಲಸ ನಾನು ಯಾವ ಕಾರ್ಖಾನೆಯಲ್ಲೂ ನೋಡಿಲ್ಲ."

"ನಮ್ಮತ್ತೆ," ಎಂದಳು ಅವಳು. ಈಗ ಎಲ್ಲ ಅರ್ಥವಾಯಿತು. ತೂತಿನಿಂದ ಹೋಗಬೇಕಾದ ಗಾಳಿಯನ್ನು ಲೆಕ್ಕದಿಂದ ಕಳೆದು, ಮಿಕ್ಕದ್ದನ್ನು ಮಾತ್ರ ಯಂತ್ರ ಸೋರಿಕೆ ಎಂದು ತೋರಿಸುತ್ತದೆ. ತೂತು ಮುಚ್ಚಿದ್ದು ಅದಕ್ಕೇನು ಗೊತ್ತು? ಕೆನ್ನೆಯ ಸೋರಿಕೆ ಕೆನ್ನೆಯಲ್ಲೇ ಇತ್ತು, ಅಂಕಿ ಮಾತ್ರ ಸೊನ್ನೆಯಾಗಿತ್ತು. ತಾನು ದಿನಾ ಬೆಳಗ್ಗೆ ಸೋರಿಕೆ, ಸೋರಿಕೆ ಎಂದು ಮುಖ ಸಣ್ಣ ಮಾಡಿದ್ದಕ್ಕೆ, ಸೊಸೆಯ ಕೊರಗು ಕಳೆಯಲೆಂದು, ಆ ಜೀವ ತನಗೆ ಗೊತ್ತಿದ್ದ ಒಂದೇ ವಿದ್ಯೆಯಿಂದ ತನ್ನ ಉಸಿರಿನ ದಾರಿಯನ್ನೇ ಮುಚ್ಚಿಕೊಂಡಿತ್ತು. ಕೆನ್ನೆಯ ಹತ್ತಿರ ಸೋರದೇ ಹೋಗಿದ್ದರೆ... ತಾನು ಶಪಿಸಿದ ಆ ಸೋರಿಕೆಯೇ ಅತ್ತೆಯನ್ನು ಈವರೆಗೆ ಉಳಿಸಿತ್ತು.

ಒಳ್ಳೆಯ ಅಂಕಿ ಬಂದಾಗ ಅವಳು ಎರಡನೆಯ ಸಲ ಅಳೆದಿರಲಿಲ್ಲ. ಮೇಜಿಗೆ ತಲೆಯಿಟ್ಟು ಅತ್ತಳು. ಅಳುತ್ತಲೇ, ಆ ಹನ್ನೆರಡು ಚುಕ್ಕಿಗಳ ಅಂದ ನೆನೆದು ನಗು ಬಂತು.

ಐದಕ್ಕೆ ಹತ್ತು ನಿಮಿಷವಿರುವಾಗ ವಾರ್ಡಿಗೆ ಬಂದಳು. ಅತ್ತೆ ದಿಂಬಿಗೆ ಒರಗಿ, ಮಾಸ್ಕು ಪಕ್ಕಕ್ಕಿಟ್ಟು, ಮಗನ ಕೈಯಿಂದ ಗಂಜಿ ಕುಡಿಯುತ್ತಿದ್ದರು. ಕಣ್ಣು ತಿಳಿಯಾಗಿತ್ತು. ಪಕ್ಕದಲ್ಲಿ ಡಾಕ್ಟರು, ಎದುರಿಗೆ ಅರ್ಜಿ ಹರಡಿಕೊಂಡ ನಾದಿನಿ. ಪೆನ್ನಿನ ಮುಚ್ಚಳ ಆಗಲೇ ತೆಗೆದಿತ್ತು.

"ಯಂತ್ರ ಚೆನ್ನಾಗಿದೆ," ಎಂದಳು ಸೊಸೆ, ಏದುಸಿರಿನಲ್ಲಿ. "ಮಾಸ್ಕಿನ ತೂತು ಕಟ್ಟಿಹೋಗಿತ್ತು. ಬಿಟ್ಟ ಉಸಿರೇ ವಾಪಸ್ ಹೋಗ್ತಿತ್ತು."

ಡಾಕ್ಟರು ಹುಬ್ಬು ಗಂಟಿಕ್ಕಿದರು. "ಹನ್ನೆರಡೂ? ಹೇಗೆ?"

ಸೊಸೆ ಅತ್ತೆಯ ಕಡೆ ನೋಡಿದಳು. ಗಂಜಿಯ ಚಮಚ ಗಾಳಿಯಲ್ಲೇ ನಿಂತಿತ್ತು. ಆ ಮುಖದಲ್ಲಿ ಏನೋ ಹೊಳೆದು, ಬಣ್ಣ ಇಳಿಯಿತು. ಕೈಯಿಂದ ಹೋದ ಕೆಲಸ ಒಂದೂ ವಾಪಸು ಬಂದಿಲ್ಲ ಎಂದು ಮಗಳ ಮುಂದೆ, ಬೀದಿಯ ಮುಂದೆ ತಲೆಯೆತ್ತಿ ಬದುಕಿದ ಹೆಂಗಸು. ಈ ಒಂದು ಕೆಲಸ...

"ತೊಳೆಯೋದು ನನ್ನ ಕೆಲಸ, ತೂತು ನೋಡೋದೂ ನನ್ನ ಕೆಲಸ," ಎಂದಳು ಸೊಸೆ. "ನಾನು ನೋಡ್ಲಿಲ್ಲ. ತಪ್ಪು ನನ್ನದು ಡಾಕ್ಟ್ರೇ."

"ಕೇಳಿಸ್ಕೊಂಡ್ಯಾ ಅಮ್ಮ?" ಎಂದಳು ನಾದಿನಿ. "ಅವಳ ಬಾಯಿಂದಲೇ ಬಂತು. ಇಂಥವರ ಕೈಗೆ ನಿನ್ನ ಬಿಟ್ಟು ನಾನು ನಿದ್ದೆ ಮಾಡೋದು ಹೇಗೆ?" ಪೆನ್ನು ಕಾಗದಕ್ಕೆ ತಾಗಿತು.

"ಪೆನ್ನು ಕೆಳಗಿಡು," ಎಂದರು ಅತ್ತೆ.

"ಅಮ್ಮ, ನೀನು ಸುಮ್ನೆ..."

"ಇಡು ಅಂದೆ." ದನಿ ಸಣ್ಣದು, ಆದರೆ ಮುಖ್ಯೋಪಾಧ್ಯಾಯಿನಿಯ ಬೆರಳು ತಾನಾಗಿ ಬಿಚ್ಚಿಕೊಂಡಿತು. "ತೂತು ಮುಚ್ಚಿದ್ದು ನಾನು. ಮೇಣದಲ್ಲಿ. ಇವಳು ಬೆಳಗಾದ್ರೆ ಸೋರುತ್ತೆ ಸೋರುತ್ತೆ ಅಂತ ಒದ್ದಾಡ್ತಿದ್ಲು. ಮಾಸ್ಕ್ ತಿರುಗಿಸಿ ನೋಡಿದ್ರೆ ಮೂತಿ ತುಂಬಾ ತೂತು, ಪುಸುಪುಸು ಅಂತ ಗಾಳಿ ಪೋಲಾಗ್ತಿದೆ. ಈ ಕೈ ತೂತು ನೋಡಿ ಸುಮ್ನೆ ಕೂರುತ್ತಾ? ಮಾರನೇ ದಿನ ಅಂಕಿ ಸೊನ್ನೆ ಬಂತು, ಇವಳು ಎಷ್ಟು ಖುಷಿಪಟ್ಲು ಅಂದ್ರೆ... ಹೇಳೋಕೆ ಮನಸ್ಸು ಬರ್ಲಿಲ್ಲ. ಈಗ ನೋಡು, ನನ್ನ ತಪ್ಪು ತಲೆ ಮೇಲೆ ಹಾಕ್ಕೊಂಡು ನಿಂತಿದ್ದಾಳೆ ಪುಣ್ಯಾತ್ಗಿತ್ತಿ."

ಸೊಸೆ ಮಂಚದ ಅಂಚಿಗೆ ಕೂತು ಅತ್ತೆಯ ಸೂಜಿ ಚುಚ್ಚಿ ಗಂಟುಗಟ್ಟಿದ ಬೆರಳು ಹಿಡಿದುಕೊಂಡಳು.

"ನನ್ನದೂ ತಪ್ಪೇ ಅತ್ತೆ. ಫ್ಯಾನ್ ಹೇಳ್ದೆ, ಉಯ್ಯಾಲೆ ಹೇಳ್ದೆ, ತೂತು ಯಾಕಿದೆ ಅಂತ ಹೇಳ್ಲೇ ಇಲ್ಲ. ಅದು ಹರಿದ ತೂತಲ್ಲ ಅತ್ತೆ... ಕಾಜಾ."

ಶರ್ಟಿಗೆ ಗುಂಡಿ ಹಾಕಲು ಕಾಜಾ ಬೇಕು; ಅದನ್ನು ಅಳೆದು, ಕತ್ತರಿಸಿ, ಸುತ್ತ ದಾರ ಹೊಲಿದು, ಬೇಕೆಂದೇ ಮಾಡುವ ತೂತು ಅದು. ಅತ್ತೆ ಎಷ್ಟು ಸಾವಿರ ಹೊಲಿದಿದ್ದರೋ!

"ಅಂದ್ರೆ... ಬಿಟ್ಟ ಉಸಿರು ಹೊರಗೆ ಹೋಗೋಕೆ ಇಟ್ಟ ಕಾಜಾನಾ?"

"ಹೌದು."

"ನಾನು ಹೋಗಿ ಹೋಗಿ ಹನ್ನೆರಡು ಕಾಜಾ ರಫೂ ಮಾಡಿದ್ನಾ?" ಅತ್ತೆಯ ಬಾಯಿ ತೆರೆದೇ ಉಳಿಯಿತು. ಆಮೇಲೆ ನಗು ಹೊಟ್ಟೆಯಿಂದ ಎದ್ದು ಬಂತು. ಕೆಮ್ಮು ಬಂತು, ಮತ್ತೆ ನಗು. "ಅಯ್ಯೋ, ಅಂಗಡಿ ಮುಚ್ಚಿದ್ದು ಒಳ್ಳೇದಾಯ್ತು. ಹೊರಗೆ ಗೊತ್ತಾದ್ರೆ ಮರ್ಯಾದೆ ಏನು ಉಳಿಯುತ್ತೆ?"

ಡಾಕ್ಟರು ಮುಖ ಆ ಕಡೆ ತಿರುಗಿಸಿ ನಕ್ಕರು. ಮಗ, ಬೆಳಗಿನಿಂದ ಮೊದಲ ಬಾರಿಗೆ, ದೊಡ್ಡ ದನಿಯಲ್ಲಿ ಮಾತಾಡಿದ: "ಅಮ್ಮ ನಮ್ಮನೆಗೇ ಬರ್ತಾಳೆ ಅಕ್ಕ."

ನಾದಿನಿ ಮಾತ್ರ ನಗಲಿಲ್ಲ. ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ, ಮಡಿಸಿದ್ದನ್ನೇ ಮತ್ತೆ ಮಡಿಸುತ್ತಾ ಕೂತಳು. ಕಣ್ಣಿಂದ ಹನಿ ಉದುರಿತು. "ಬೆಳಗ್ಗೆ ಅಮ್ಮ ಸತ್ತೋದ ಚಿಕ್ಕಮ್ಮನ ಜೊತೆ ಮಾತಾಡ್ತಿದ್ಲು... ಕರ್ಕೊಂಡು ಹೋಗೋಕೆ ಬಂದಿದ್ದಾಳೇನೋ ಅಂತ ನನ್ನ ಕೈಕಾಲು ತಣ್ಣಗಾಯ್ತು. ಆ ಭಯಕ್ಕೆ ಬಾಯಿಗೆ ಬಂದಿದ್ದು ಅಂದುಬಿಟ್ಟೆ." ತಮ್ಮನ ಹೆಂಡತಿಯ ಕಡೆ ನೋಡದೆಯೇ ಅವಳ ಸೆರಗಿನ ತುದಿ ಹಿಡಿದಳು. "ನೀನ್ಯಾಕೆ ಬೈಸಿಕೊಂಡು ನಿಂತೆ? ಬಾಯಿಲ್ವಾ ನಿನಗೆ?"

"ನಿಮ್ಮ ಮುಂದೆ ಯಾರಿಗೆ ಬಾಯಿರುತ್ತೆ ಅಕ್ಕ?"

ಆಗ ನಾದಿನಿಯೂ ನಕ್ಕಳು, ಮೂಗು ಒರೆಸಿಕೊಳ್ಳುತ್ತಾ.

ಎರಡು ದಿನ ಕಳೆದು ರಕ್ತದ ಅಂಕಿ ಇಳಿದ ಮೇಲೆ ಡಾಕ್ಟರು ಮನೆಗೆ ಬಿಟ್ಟರು, ಹೊಸ ಮಾಸ್ಕಿನೊಂದಿಗೆ. ದಿನಾ ತೂತು ನೋಡಬೇಕು, ಮಾಸ್ಕಿಗೆ ಕೈ ಹಚ್ಚುವ ಮೊದಲು ಕೇಳಬೇಕು ಎಂಬ ಷರತ್ತು. ಅತ್ತೆ ಒಪ್ಪಿದರು. ಒಪ್ಪಿ, ಸೊಸೆಯನ್ನು ಕೇಳಿದರು: "ಕಾಜಾ ಬಿಡು. ಆ ಕೆನ್ನೆ ಹತ್ರ ಸೋರೋದು ನಿಜವಾದ ತೂತು ತಾನೆ? ಅದಕ್ಕೆ ಕೈ ಹಾಕಬಹುದಾ?"

ತಿಂಗಳ ಕೊನೆಯಲ್ಲಿ, ಪರೀಕ್ಷಾಲಯಕ್ಕೆ ಮಗನ ಬಸ್ಸಿನಲ್ಲೇ ಅತ್ತೆ ಬಂದಿಳಿದರು. ಕೈಯಲ್ಲಿ ಹಳೆಯ ಮೆತ್ತನೆ ಹತ್ತಿಬಟ್ಟೆಯಿಂದ ಹೊಲಿದ ಒಂದು ಉಂಗುರ. ಮಾಸ್ಕಿನ ಅಂಚಿಗೂ ಕೆನ್ನೆಗೂ ನಡುವೆ ಕೂರುವಂಥದ್ದು. ತಗ್ಗಿದ ಕಡೆ ದಪ್ಪ, ಮೂಳೆಯ ಕಡೆ ತೆಳು. ಭಾವಯ್ಯನನ್ನು ನೋಡಿ ಅತ್ತೆ ಮರುಗಿದರು. "ಪಾಪ, ಇವನಿಗೆ ಕೆನ್ನೆ ತುಂಬಿದೆ. ನನ್ನ ಹಾಗೆ ಮಾಡಿ." ಮೇಷ್ಟ್ರು ಗಂಭೀರವಾಗಿ ಅವನ ರಬ್ಬರ್ ಕೆನ್ನೆಯ ಒಳಗಿನ ಅರಳೆ ತೆಗೆದು ಗುಳಿ ಬೀಳಿಸಿದರು. ಉಂಗುರ ಇಟ್ಟು, ಮಾಸ್ಕು ಕಟ್ಟಿ, ಗಾಳಿ ಬಿಟ್ಟರು. ಹೊರದಾರಿಯ ತೂತುಗಳಲ್ಲಿ ಇಪ್ಪತ್ತೊಂದು. ಕೆನ್ನೆಯ ಸೋರಿಕೆ ನಾಲ್ಕು.

ಸೊಸೆಯ ನಾಲಿಗೆಯ ತುದಿಗೆ "ಭೇಷ್" ಎಂಬುದು ಬಂದು ನಿಂತಿತು. ಅವಳು ಮೇಷ್ಟ್ರ ಮುಖ ನೋಡಿದಳು, ಮಾಸ್ಕು ಬಿಚ್ಚಿದಳು, ಮತ್ತೆ ಕಟ್ಟಿ ಮತ್ತೆ ಅಳೆದಳು. ನಾಲ್ಕೇ.

"ಭೇಷ್ ಅತ್ತೆ," ಎಂದಳು ಆಮೇಲೆ.

ಅದರ ಮಾರನೆಯ ಬೆಳಗ್ಗೆ ಎಂಟಕ್ಕೆ, ಎಂದಿನಂತೆ, ಶಾಲೆಗೆ ಹೊರಡುವ ಮುನ್ನ ನಾದಿನಿಯ ಫೋನು. ಆಸ್ಪತ್ರೆಯಿಂದ ಬಂದ ದಿನದಿಂದ ಆಕೆ ಹಿಡಿದ ವ್ರತ ಅದು. ತೊಳೆದ ಮಾಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದು ಅತ್ತೆ ಫೋನನ್ನು ಕಿವಿಗಿಟ್ಟುಕೊಂಡರು. ಅಡುಗೆಮನೆಯಲ್ಲಿದ್ದ ಸೊಸೆಗೂ ಆ ಕಡೆಯ ದನಿ ಕೇಳುವಷ್ಟು ಜೋರಾಗಿತ್ತು.

"ಅಮ್ಮ, ಹಾಜರಿ. ಒಂದು?"

"ಇದೆ."

"ಎರಡು?"

"ಇದೆ ಕಣೇ, ದಿನಾ ಎಣಿಸೋಕೆ ನಿನಗೆ ಬೇಜಾರಾಗಲ್ವಾ?"

"ಮಧ್ಯ ಮಾತಾಡಬೇಡ. ಮೂರು?"

ಅತ್ತೆ ಒಂದೊಂದನ್ನೂ ಬೆರಳಿನಿಂದ ಮುಟ್ಟದೆ, ಕಣ್ಣಲ್ಲೇ ಎಣಿಸಿ ಹೇಳಿದರು. ಹನ್ನೆರಡಾಯಿತು. ಆಮೇಲೆ ಫೋನು ಕೆಳಗಿಟ್ಟು, ಮಾಸ್ಕನ್ನು ಮೂಗು ಬಾಯಿಗೆ ಒತ್ತಿ ಹಿಡಿದು, ಎದೆ ತುಂಬ ಉಸಿರು ತೆಗೆದುಕೊಂಡು ಬಿಟ್ಟರು. ಮುಂದೆ ಚಾಚಿದ ಅಂಗೈಗೆ ಹನ್ನೆರಡು ಎಳೆಯಾಗಿ ಬೆಚ್ಚಗಿನ ಗಾಳಿ ತಾಗಿತು. ಆ ಅಂಗೈಯನ್ನು ಹಾಗೆಯೇ, ಚೆಲ್ಲಿಹೋಗುತ್ತದೇನೋ ಎಂಬಂತೆ ಹಿಡಿದು, ಅಡುಗೆಮನೆಯ ಕಡೆ ತಿರುಗಿ ಸೊಸೆಗೆ ತೋರಿಸಿದರು.